ಪೈಲ್ವಾನ ಅಕ್ಷರದ ಹೊಳಿಯಪ್ಪ

ಗಜೇಂದ್ರಗಡದಿಂದ ನರಗುಂದದವರೆಗಿನ ಅಂಗಡಿಗಳೆಲ್ಲ ಒಬ್ಬನೇ ಸಾವಕಾರನವು ಎಂದು ಈರೇಶ ಸಣ್ಣವನಿದ್ದಾಗ ಬಲವಾಗಿ ನಂಬಿದ್ದ. ನಂಬಲು ಅವನಿಗೆ ಕಾರಣವೂ ಇತ್ತು. ಗಜೇಂದ್ರಗಡದ ಹಿಟ್ಟಿನ ಗಿರಣಿ, ರೋಣದ ಹಲ್ಲಿನ ದವಾಖಾನೆ, ಅಬ್ಬಿಗೇರಿಯ ಗೊಬ್ಬರದಂಗಡಿ, ನರಗುಂದದ ಹತ್ತಿ ಗೋದಾಮು, ಎಲ್ಲದರ ನೆತ್ತಿಯ ಮೇಲೂ ಒಂದೇ ಜಾತಿಯ ದಪ್ಪ ಅಕ್ಷರ. ಬಲಮೂಲೆಯಲ್ಲಿ ಸಣ್ಣದಾಗಿ ಒಂದೇ ಹೆಸರು: ಹೊಳಿಯಪ್ಪ, ಗಜೇಂದ್ರಗಡ. ಮಾಲೀಕನಲ್ಲದೆ ಮತ್ಯಾರು ಹಾಗೆ ಹೆಸರು ಹಾಕಿಕೊಂಡಾರು? ಮುಶಿಗೇರಿಯಲ್ಲಿ ತಾನು ಓದುತ್ತಿದ್ದ ಶಾಲೆಯ ಗೋಡೆಯ ಮೇಲೂ ಆ ಹೆಸರು ಕಂಡ ದಿನ, ಬಿಸಿಯೂಟವೂ ಆ ಸಾವಕಾರನ ಧರ್ಮದ್ದೇ ಎಂದು ತಿಳಿದು, ಅವನು ಸಾರನ್ನು ಎರಡನೇ ಸಲ ಹಾಕಿಸಿಕೊಳ್ಳದೆ ಎದ್ದಿದ್ದ.

ಒಮ್ಮೆ ಗಜೇಂದ್ರಗಡದ ಬಸ್‌ಸ್ಟ್ಯಾಂಡಿನಲ್ಲಿ ಅಪ್ಪನ ಜೊತೆ ನಿಂತಾಗ, ಎದುರಿನ ಖಾನಾವಳಿಗೆ ಒರಗಿಸಿದ ನಿಚ್ಚಣಿಕೆಯ ಮೇಲೆ ಹರಕು ಬನಿಯನ್ನಿನ ಒಬ್ಬ ಮನುಷ್ಯ ಅದೇ ಹೆಸರನ್ನು ಮೂಲೆಯಲ್ಲಿ ಬರೆಯುತ್ತಿದ್ದುದು ಕಂಡಿತು.

"ಅಪ್ಪಾ, ಅಷ್ಟ ದೊಡ್ಡ ಸಾವಕಾರ ತಾನ ಯಾಕ ಬಣ್ಣಾ ಹಚ್ಚಾಕ ಹತ್ಯಾನ? ಆಳು ಸಿಗಲಿಲ್ಲೇನ?"

ಅಪ್ಪ ನಕ್ಕ ನಗೆಗೆ ಮುಶಿಗೇರಿಯ ಬಸ್ಸು ತಪ್ಪಿತು. ಮನೆಗೆ ಬಂದು ಅವ್ವನಿಗೆ ಹೇಳಿ ಮತ್ತೆ ನಕ್ಕ. ಅಕ್ಕ ನೇತ್ರಾ ಅಂತೂ ಅಂದಿನಿಂದ ತಮ್ಮನನ್ನು ಕಂಡಾಗೆಲ್ಲ "ಏನಪಾ, ಸಾವಕಾರ್ರು ಆರಾಮದಾರೇನ?" ಎಂದು ಕೇಳುವುದನ್ನು ರೂಢಿ ಮಾಡಿಕೊಂಡಳು.

ಈರೇಶ ದೊಡ್ಡವನಾದ. ಡಿಪ್ಲೊಮಾ ಅರ್ಧಕ್ಕೆ ಬಿಟ್ಟು, ಅದೇ ಬಸ್‌ಸ್ಟ್ಯಾಂಡಿನ ಪಕ್ಕದ ಶರತನ ಫ್ಲೆಕ್ಸ್ ಅಂಗಡಿಯಲ್ಲಿ ಕಂಪ್ಯೂಟರ್ ಮುಂದೆ ಕೂಡುವ ಕೆಲಸ ಹಿಡಿದ. ಬಾಗಿಲ ಮೇಲೆ ಅವನ ಹುದ್ದೆ 'ಡಿಸೈನರ್' ಎಂದಿತ್ತು. ಹುಟ್ಟುಹಬ್ಬದ ಮರಿ ಪುಢಾರಿಗಳ ಕೆನ್ನೆ ಬೆಳ್ಳಗೆ ಮಾಡುವುದು, ಸತ್ತವರ ಫೋಟೋದ ಹಿಂದೆ ಮೋಡ ಹಾಕುವುದು, ಇವೆರಡೇ ಅವನ ಡಿಸೈನು. ಕೆನ್ನೆ ಮತ್ತು ಮೋಡ ಎರಡಕ್ಕೂ ಅವನು ಒಂದೇ ಬಿಳಿ ಬಳಸುತ್ತಿದ್ದ. ಅದರಲ್ಲಿ ಅವನಿಗೆ ತಕರಾರೂ ಇರಲಿಲ್ಲ. ತಕರಾರಿದ್ದುದು ಗಿರಾಕಿಗಳು ಹೇಳುತ್ತಿದ್ದ ಒಂದೇ ಒಂದು ಮಾತಿನ ಮೇಲೆ.

"ಹೊಳಿಯಪ್ಪನ ಅಕ್ಷರದಂಗ ಮಾಡ ತಮ್ಮಾ."

ಕನ್ನಡದ ಅಕ್ಷರ ಹುಟ್ಟಾ ಗುಂಡು. ಹೂರಣ ತುಂಬಿದ ಕಣಕದ ಉಂಡೆಯ ಹಾಗೆ, ಇಟ್ಟಲ್ಲಿ ಅಗಲವಾಗುವ ಸ್ವಭಾವದ್ದು. ಹೊಳಿಯಪ್ಪನ ಕೈಯಲ್ಲಿ ಅದು ಹೊಟ್ಟೆ ಒಳಗೆಳೆದುಕೊಂಡು ಎದ್ದು ನಿಲ್ಲುತ್ತಿತ್ತು. ಕಿರಿದಾದ ಮೈ, ಕಂಬದಂಥ ಕಾಲು, ತಲೆಕಟ್ಟಿನ ಜಾಗದಲ್ಲಿ ಒಂದು ಹಲಗೆ, ಕೆಳಗೆ ಇಟ್ಟಿಗೆಯಂಥ ಚಪ್ಪಟೆ ಪಾದ. ಒಂದರ ಭುಜಕ್ಕೆ ಇನ್ನೊಂದು ಭುಜ ತಾಗಿಸಿ, ಪಾದ ಊರಿ, ಕುಸ್ತಿ ಕಣದಲ್ಲಿ ಜೋಡಿ ಕೇಳುತ್ತ ನಿಂತಂತೆ ನಿಲ್ಲುತ್ತಿದ್ದವು. ಪೇಟೆಯವರು ಅದಕ್ಕೆ ಪೈಲ್ವಾನ ಅಕ್ಷರ ಎಂದು ಹೆಸರಿಟ್ಟಿದ್ದರು. ಓಡುವ ಬಸ್ಸಿನಿಂದಲೂ ಓದಬಹುದಿತ್ತು. ಹೆಸರು ಎಷ್ಟೇ ಉದ್ದವಿರಲಿ, ಗೋಡೆ ಎಷ್ಟೇ ಗಿಡ್ಡವಿರಲಿ, ಪೈಲ್ವಾನರು ಒತ್ತಿಕೊಂಡು ನಿಂತು ಜಾಗ ಮಾಡಿಕೊಳ್ಳುತ್ತಿದ್ದರು.

ಈರೇಶ ಮೊದಲು ಸುಲಭದ ದಾರಿ ಹಿಡಿದ. ಕಂಪ್ಯೂಟರಿನಲ್ಲಿದ್ದ ದಪ್ಪ ಅಕ್ಷರವನ್ನೇ ಎರಡೂ ಪಕ್ಕದಿಂದ ಮೌಸಿನಲ್ಲಿ ಒತ್ತಿ ಕಿರಿದು ಮಾಡಿದ. ಒತ್ತಿದ ಕೂಡಲೇ ಅಡ್ಡಗೆರೆ ದಪ್ಪಗೇ ಉಳಿದು, ಉದ್ದಗೆರೆಗಳೆಲ್ಲ ಸಣ್ಣಗಾದವು. ಕಾಳಿನ ವ್ಯಾಪಾರಿ ಮಹಾಲಿಂಗಪ್ಪ ತೆರೆಯ ಮೇಲೆ ಬಗ್ಗಿ ಬಹಳ ಹೊತ್ತು ನೋಡಿದ.

"ಏನೋ ಇದು? ತಲೀಗೆ ದೊಡ್ಡ ರುಂಬಾಲ ಸುತ್ತಗೊಂಡು ಊಟಾ ಬಿಟ್ಟವರಂಗ ಅದಾವಲ್ಲೋ. ಬ್ಯಾಡ ಬಿಡು, ಹೊಳಿಯಪ್ಪಗ ಹೇಳತೀನಿ."

"ಅಂವ ಲಗೂ ಬರಂಗಿಲ್ರಿ ಯಜಮಾನ್ರ. ತಿಂಗಳಗಟ್ಟಲೆ ಕಾಯಸ್ತಾನ."

"ಕಾಯತೀನಿ. ಅಕ್ಷರ ಚಲೋ ಇದ್ರ ಕಾಯಾಕ ಏನ ಧಾಡಿ?"

ಆ ಸಂಜೆ ಈರೇಶನಿಗೆ ಹೊಟ್ಟೆಯಲ್ಲಿ ಯಾರೋ ಕೆಂಪು ಮೆಣಸಿನಕಾಯಿಯ ರಂಜಕ ಅರೆದಂತಾಯಿತು. ಮನೆಗೆ ಹೋಗುವಾಗ ದಾರಿಯ ಎರಡೂ ಬದಿಗೆ ಆ ಹೆಸರೇ ಕಣ್ಣಿಗೆ ಬೀಳುತ್ತಿತ್ತು. ಅವನು ಕಣ್ಣು ತಗ್ಗಿಸಿದರೆ ಚರಂಡಿಯ ಮೇಲೆ ಹಲಗೆಯಾಗಿಯೂ ಯಾವುದೋ ಹಳೆಯ ಬೋರ್ಡು ಮುರಿದು ಹಾಕಿದ್ದರು. ಅದರ ಮೇಲೂ ಪಾದಗಳು!

ಅಂದಿನಿಂದ ಅವನು ಅಂಗಡಿ ಮುಚ್ಚಿದ ಮೇಲೂ ಉಳಿದುಕೊಂಡು ತನ್ನದೇ ಅಕ್ಷರ ಬರೆಯತೊಡಗಿದ. ಒತ್ತುವುದನ್ನು ಬಿಟ್ಟು, ಒಂದೊಂದನ್ನೂ ಮೊದಲಿನಿಂದ ಗೆರೆ ಎಳೆದು ಕಟ್ಟಿದ. ಪಾದ ಅವನೂ ಇಟ್ಟ. ಆದರೆ ಒತ್ತಕ್ಷರ ಇಳಿಬಿಡುವಲ್ಲಿ ಒಂದು ಬಾಗು ಕೊಟ್ಟ, ಅದು ಹೊಳಿಯಪ್ಪನಲ್ಲಿ ಇರಲಿಲ್ಲ. ಶರತ ನೋಡಿ "ಕರೆಂಟ್ ಬಿಲ್ ನಿಮ್ಮಪ್ಪ ಕಟ್ತಾನೇನ?" ಎಂದ. ಈರೇಶ ಅದನ್ನು ಹೊಗಳಿಕೆ ಎಂದೇ ಲೆಕ್ಕಕ್ಕೆ ಹಿಡಿದ. ಹೊಗಳಿಕೆ ಬರುವ ದಾರಿ ಬೇರೆ ಯಾವುದೂ ಇರಲಿಲ್ಲ.

ಇಷ್ಟರಲ್ಲಿ ನೇತ್ರಾ ಅಂಗಡಿ ಹಾಕುವ ಮಾತು ಬಂತು. ಅವಳನ್ನು ರೋಣಕ್ಕೆ ಕೊಟ್ಟಿದ್ದರು. ಮಾರ್ಕೆಟ್ ದಾರಿಯಲ್ಲಿ ಒಂದೇ ಶಟರಿನ ಮಳಿಗೆ ಹಿಡಿದು, ಗಜೇಂದ್ರಗಡದ ಕೈಮಗ್ಗದ ಸೀರೆಗಳಿಗೆ ಕುಚ್ಚು ಕಟ್ಟಿ, ಬ್ಲೌಸು ಹೊಲಿಯುವ ವಿಚಾರ ಅವಳದು. ಅಂಗಡಿ ಸಣ್ಣದಾಯಿತೆಂದೋ ಏನೋ, ಅತ್ತೆ ನೀಲವ್ವ ಹೆಸರನ್ನು ದೊಡ್ಡದು ಮಾಡಿದಳು: 'ಶ್ರೀ ಬನಶಂಕರಿ ಸೀರೆ ಕುಚ್ಚು ಮತ್ತು ಬ್ಲೌಸ್ ಕೇಂದ್ರ'. ಸಾಲದ್ದಕ್ಕೆ ಒಂದು ಕರಾರು ಬೇರೆ.

"ಒಂದ ಸಾಲಿನಾಗ ಬರಬೇಕು. ಹೆಸರು ಮುರದ್ರ ವ್ಯಾಪಾರ ಮುರೀತೈತಿ."

ಈರೇಶ ಫೋನಿನಲ್ಲಿ ಈ ಮಾತು ಕೇಳಿ ಕುಣಿದ. ಉದ್ದ ಹೆಸರು, ಗಿಡ್ಡ ಗೋಡೆ; ತಾನು ಇಷ್ಟು ದಿನ ಬರೆದ ಅಕ್ಷರ ಹುಟ್ಟಿದ್ದೇ ಇದಕ್ಕೆ. "ಅಕ್ಕಾ, ಬೋರ್ಡಿನ ಚಿಂತಿ ಬಿಡು" ಎಂದ.

"ಬಿಟ್ಟೀನೆಪಾ" ಎಂದಳು ನೇತ್ರಾ. "ಹೊಳಿಯಪ್ಪಗ ಹೇಳಿ ಆಗೇತಿ."

"ಯಾರಿಗೆ?"

"ನಿಮ್ಮ ಸಾವಕಾರಗ."

ಒಡಹುಟ್ಟಿದವಳು. ಒಂದೇ ತಟ್ಟೆಯಲ್ಲಿ ಉಂಡವಳು. ಈರೇಶ ಫೋನು ಇಟ್ಟು, ತೆರೆಯ ಮೇಲಿದ್ದ ಯಾರದೋ ಕೆನ್ನೆಯನ್ನು ಎಷ್ಟು ಬೆಳ್ಳಗೆ ಮಾಡಿದನೆಂದರೆ ಹುಟ್ಟುಹಬ್ಬದವನಿಗೆ ಮೂಗು ಉಳಿಯಲಿಲ್ಲ. ಆದರೂ ಹೆಸರನ್ನು ತನ್ನ ಅಕ್ಷರದಲ್ಲಿ ಕೂಡಿಸಿ, ಹಾಳೆಯ ಖರ್ಚನ್ನು ತನ್ನ ಪಗಾರದಲ್ಲಿ ಮುರಿದುಕೊಳ್ಳುವಂತೆ ಶರತನಿಗೆ ಹೇಳಿ, ಫ್ಲೆಕ್ಸ್ ಮುದ್ರಿಸಿ ಸುತ್ತಿಟ್ಟ. ಹೊಳಿಯಪ್ಪ ಹೇಳಿದ ದಿನ ಎಂದೂ ಬಂದವನಲ್ಲ. ಅಂಗಡಿಯ ಪೂಜೆಯ ದಿನ ಗೋಡೆ ಖಾಲಿ ಉಳಿಯುತ್ತದೆ. ಆಗ ತಮ್ಮನ ಸುರುಳಿ ಬಿಚ್ಚುತ್ತದೆ. ಅವನು ದೇವರಿಗೆ ಕಾಯಿ ಹೇಳಿಕೊಳ್ಳುವುದೊಂದು ಬಾಕಿಯಿತ್ತು.

ಪೂಜೆಯ ಹಿಂದಿನ ದಿನ ಬೆಳಿಗ್ಗೆ ಹೊಳಿಯಪ್ಪ ಫ್ಲೆಕ್ಸ್ ಅಂಗಡಿಯ ಬಾಗಿಲಲ್ಲಿ ನಿಂತಿದ್ದ. ಬಗಲಲ್ಲಿ ಬಣ್ಣದ ಡಬ್ಬಿ, ಕೈಯಲ್ಲಿ ಬ್ರಷ್ಷಿನ ಚೀಲ, ಬಾಯಲ್ಲಿ ಎಲೆ ಅಡಿಕೆ.

"ನೇತ್ರವ್ವನ ತಮ್ಮ ನೀನ ಏನ? ನಡಿ, ರೋಣಕ್ಕ ಬಿಡು. ಬಸ್ಸಿನಾಗ ಡಬ್ಬಿ ಹತ್ತಿಸಿಗೊಳ್ಳಾಂಗಿಲ್ಲ ಅಂತಾನ ಕಂಡಕ್ಟರ. ಅವರ ಡಿಪೋದ ಬೋರ್ಡ ಬರದಾಂವ ನಾನ! ಮಾರಿ ನೋಡಿದ್ರ ಗುರ್ತಾ ಹಿಡ್ಯಾಂಗಿಲ್ಲ."

ಶರತ ರಜೆ ಕೊಟ್ಟ. ಇಂಥ ದಿನ ಕೇಳದೆಯೇ ರಜೆ ಸಿಗುತ್ತದೆ. ಹೀಗೆ ಈರೇಶ ತನ್ನ ವೈರಿಯನ್ನು ತನ್ನದೇ ಗಾಡಿಯ ಮೇಲೆ, ತನ್ನದೇ ಪೆಟ್ರೋಲಿನಲ್ಲಿ, ತನ್ನ ಅಕ್ಕನ ಅಂಗಡಿಗೆ ಹೊತ್ತೊಯ್ಯಬೇಕಾಯಿತು. ಫ್ಲೆಕ್ಸ್ ಸುರುಳಿಯನ್ನೂ ಗಾಡಿಯ ಪಕ್ಕಕ್ಕೆ ಕಟ್ಟಿಕೊಂಡ. ತಡವಾಗಲೆಂದು ನರೇಗಲ್, ಅಬ್ಬಿಗೇರಿಯ ದಾರಿ ಹಿಡಿದ. ಅದು ಬುದ್ಧಿವಂತಿಕೆ ಆಗಲಿಲ್ಲ. ಆ ದಾರಿಯಲ್ಲಿ ಊರೂರಿಗೂ ಹೊಳಿಯಪ್ಪನ ಬೋರ್ಡುಗಳು, ಬೋರ್ಡು ಬೋರ್ಡಿಗೂ ಹೊಳಿಯಪ್ಪನ ವರ್ಣನೆ.

"ನೋಡ್ಲೇ, ಆ ಗೊಬ್ಬರದಂಗಡಿ. ನಾ ಬರೀಲಾರದ ಮೊದಲ ಅಂವ ನೊಣಾ ಹೊಡಕೊಂತ ಕುಂತಿದ್ದ. ಈಗ ಅಂಗಡಿ ಮ್ಯಾಲ ಮಾಡಿ ಕಟ್ಯಾನ."

"ಮಳಿ ಚಲೋ ಆಗಿದ್ದಕ್ಕ ಕಟ್ಟಿರಬೇಕ್ರಿ."

"ಮಳಿ ಎಲ್ಲಾರಿಗೂ ಆಗೇತಿ. ಮಾಡಿ ಎಲ್ಲಾರೂ ಕಟ್ಯಾರೇನ?"

ವಿನಯ ಎನ್ನುವುದು ಆ ಮನುಷ್ಯನ ಮನೆ ಬಾಗಿಲಿಗೆ ಬಂದು ವಿಳಾಸ ತಪ್ಪಿ ಹೋಗಿತ್ತು. ಆದರೆ ಗಾಳಿಯಲ್ಲಿ ಕೂಗಿ ಹೇಳುತ್ತ ಬಂದ ಅವನ ಕಥೆ ಕೇಳುವಂತಿತ್ತು. ಗಜೇಂದ್ರಗಡದ ನೇಕಾರರ ಮನೆಯವನು. ಬುದ್ಧಿ ಬಂದಾಗಿನಿಂದ ಅಪ್ಪನ ಮಗ್ಗದ ಕೆಳಗಿನ ತಗ್ಗು ಕುಣಿಯಲ್ಲೇ ಕಾಲು. ಸೀರೆಯ ಒಡಲು ನೇಯಲು ಅವನಿಗೆ ಬೇಸರ, ಸೆರಗಿನ ಚಿತ್ರ ಚೌಕಳಿ ಹಾಳೆಯ ಮೇಲೆ ಬರೆಯಲು ಮಾತ್ರ ಹುರುಪು. ಒಮ್ಮೆ ನರಗುಂದದ ಹತ್ತಿ ವ್ಯಾಪಾರಿಯೊಬ್ಬ ಮಗಳ ಮದುವೆಯ ಸೀರೆಯ ಸೆರಗಿನಲ್ಲಿ ಅವಳ ಹೆಸರು ನೇಯಬೇಕೆಂದು ಹಟ ಹಿಡಿದ. ಗುಂಡು ಅಕ್ಷರ ನೂಲಿನಲ್ಲಿ ಬರಲೊಲ್ಲದು. ಬಾಗಿಸಿದಲ್ಲೆಲ್ಲ ಹರಕು ಮೆಟ್ಟಿಲು. ಸಣ್ಣ ಗೆರೆ ಹಾಕಿದರೆ ಬಣ್ಣದಲ್ಲಿ ಮುಳುಗಿ ಹೋಗುತ್ತದೆ.

"ಕಡೀಕ ಸಿಟ್ಟ ಬಂದು ಅಕ್ಷರಕ್ಕ ಕಾಲ ಕೊಟ್ಟೆ ನೋಡು. ದಪ್ಪ ಕಾಲ, ಸಪಾಟ ಪಾದ. ಹೊಟ್ಟಿ ಹಿಂಡಿ ನಿಲ್ಲಿಸಿಬಿಟ್ಟೆ. ಸೀರಿ ಉಟ್ಟ ಹುಡುಗೀಗಿಂತ ಹೆಸರ ಚಂದ ಕಾಣ್ತಂತ. ಆ ವ್ಯಾಪಾರಿ ಬಂದು, ಇದನ್ನ ನನ್ನ ಗೋದಾಮಿನ ಮ್ಯಾಲ ಬರಿ ಅಂದ. ಅವತ್ತ ಕುಣಿಯಿಂದ ಎದ್ದಾಂವ ತಿರುಗಿ ಕುಂತಿಲ್ಲ."

"ಮತ್ತ ಮಗ್ಗ?"

"ಮಗ್ಗಕ್ಕೇನಾಗೇತಿ? ಹೆಣ್ತಿ ನೇಯತಾಳ. ನಾ ಹೊರಗ ಹೆಸರ ಗಳಸ್ತೀನಿ, ಆಕಿ ಒಳಗ ಬೈತಾಳ. ಸಂಸಾರ ಸರಿದೂಗತೈತಿ."

ಇಂಥವನಿಗೆ ಊರು ಕಾಯುತ್ತದಲ್ಲ ಎಂದು ಈರೇಶ ಗಾಡಿಯನ್ನು ಒಂದು ತಗ್ಗಿನಲ್ಲಿ ಬೇಕೆಂದೇ ಇಳಿಸಿದ. ಹೊಳಿಯಪ್ಪನಿಗೆ ಏನೂ ಆಗಲಿಲ್ಲ. ಈರೇಶನೇ ನಾಲಿಗೆ ಕಚ್ಚಿಕೊಂಡ.

ರೋಣ ತಲುಪಿದಾಗ ನೀಲವ್ವ ಆಗಲೇ ಅಂಗಡಿಯ ಮುಂದೆ ಕುರ್ಚಿ ಹಾಕಿಕೊಂಡು ಕೂತಿದ್ದಳು. ಈರೇಶ ಮೊದಲ ಕೆಲಸವೆಂದು ಸುರುಳಿ ಬಿಚ್ಚಿ ಹಿಡಿದ. ಕೆಂಪು ಹಿನ್ನೆಲೆಯ ಮೇಲೆ ಹಳದಿ ಅಕ್ಷರ, ಒಂದೇ ಸಾಲು, ಪಾದ ಊರಿ ನಿಂತಿದ್ದವು. ನೇತ್ರಾ ಎರಡು ಹೆಜ್ಜೆ ಹಿಂದೆ ಸರಿದು ನೋಡಿದಳು. ನಗಲಿಲ್ಲ. ಸಾವಕಾರನ ಮಾತೂ ಎತ್ತಲಿಲ್ಲ.

"ನೀನ ಬರದಿಯೇನ? ಖರೇ?"

"ಮತ್ತ ಕಂಪ್ಯೂಟರ್ ತಾನ ಬರೀತೈತೇನ" ಎಂದು ಈರೇಶ ಬಿಗುವಿನಿಂದ ಹೇಳಿದ. ಹೊಳಿಯಪ್ಪ ಒಮ್ಮೆ ತಿರುಗಿ ನೋಡಿ, ಚರಂಡಿಗೆ ಉಗುಳಿ, "ನಿಚ್ಚಣಿಕಿ ಐತೇನ ಇಲ್ಲಿ?" ಎಂದಷ್ಟೇ ಕೇಳಿದ.

ನೀಲವ್ವ ತೀರ್ಪು ಕೊಟ್ಟಳು: "ಗ್ವಾಡಿ ಮ್ಯಾಲ ಹೊಳಿಯಪ್ಪಂದು ಇರಲಿ, ಅದು ಕಾಯಂ. ತಮ್ಮಂದು ನಾಳಿ ಪೂಜಿ ದಿನ ರಸ್ತಾದ ಕಡೆ ಕಂಬಕ್ಕ ಕಟ್ಟೋಣು. ಬಂದವರು ಮೊದಲ ಅದನ್ನ ನೋಡ್ಲಿ."

ಒಂದೇ ದಿನ. ಆದರೆ ಇಡೀ ರೋಣದ ಪೇಟೆ ಹಾಯುವ ದಿನ. ಗೋಡೆಯ ಹಳೇ ಪೈಲ್ವಾನರ ಎದುರಿಗೆ ತನ್ನ ಹೊಸ ಪಡೆ ನಿಲ್ಲುತ್ತದೆ, ಜನ ಎರಡನ್ನೂ ನೋಡುತ್ತಾರೆ, ಯಾರಾದರೂ ಒಬ್ಬ "ಇದು ಯಾರದಪಾ?" ಎಂದು ಕೇಳಿಯೇ ಕೇಳುತ್ತಾನೆ. ಈರೇಶನಿಗೆ ಬೇಕಾಗಿದ್ದುದು ಆ ಒಂದು ಪ್ರಶ್ನೆ. ಉತ್ತರವನ್ನು ಅವನು ಗಾಡಿಯ ಕನ್ನಡಿಯಲ್ಲಿ ಆಗಲೇ ಅಭ್ಯಾಸ ಮಾಡಿಯಾಗಿತ್ತು.

ಹೊಳಿಯಪ್ಪ ನಿಚ್ಚಣಿಕೆ ಏರಿದ. ಅವನು ಬರೆಯುವ ರೀತಿ ಲೋಕದ ರೀತಿಯಲ್ಲ. ಬೇರೆಯವರು ಒಂದು ಅಕ್ಷರ ಮುಗಿಸಿ ಇನ್ನೊಂದಕ್ಕೆ ಹೋಗುತ್ತಾರೆ. ಹೊಳಿಯಪ್ಪ ಮಗ್ಗದವನು. ಸೀರೆ ಹೇಗೆ ಅಂಚಿನಿಂದ ಅಂಚಿಗೆ ಎಳೆ ಎಳೆಯಾಗಿ ಬೆಳೆಯುತ್ತದೋ ಹಾಗೆ, ಗೋಡೆಯ ಈ ತುದಿಯಿಂದ ಆ ತುದಿಗೆ ಮೊದಲು ಎಲ್ಲ ಅಕ್ಷರಗಳ ಪಾದ ಮಾತ್ರ ಇಟ್ಟ. ಆಮೇಲೆ ಮತ್ತೆ ಮೊದಲಿನಿಂದ ಮೊಣಕಾಲು. ಆಮೇಲೆ ತೊಡೆ. ತಲೆಕಟ್ಟು ಬೀಳುವತನಕ ಅದು ಯಾವ ಹೆಸರು ಎಂದು ಯಾರಿಗೂ ತಿಳಿಯುವುದಿಲ್ಲ. ಅದಕ್ಕೇ ಅವನು ಬರೆಯುವಲ್ಲಿ ಜನ ನಿಲ್ಲುತ್ತಾರೆ, ಊಹಿಸುತ್ತಾರೆ, ಚಹಾದ ಮೇಲೆ ಪಂದ್ಯ ಕಟ್ಟುತ್ತಾರೆ. ಅಂದೂ ನಿಂತರು.

ಹೊತ್ತು ಇಳಿಯುವಾಗ ಅಕ್ಷರಗಳು ಸೊಂಟದವರೆಗೆ ಬಂದಿದ್ದವು. ಹೊಳಿಯಪ್ಪ ಕೆಳಗಿಳಿದು ಮೊಣಕೈ ತಿಕ್ಕಿಕೊಂಡ.

"ಕೈ ಭಾಳ ನೂಸಾಕ ಹತ್ತೇತಿ ಯವ್ವಾ. ನಾಡದ ಬಂದು ಮುಗಸ್ತೀನಿ."

"ನಾಳಿ ಪೂಜಿ ಐತೋ ಯಪ್ಪಾ!" ಎಂದು ನೀಲವ್ವ ಕುರ್ಚಿಯಿಂದ ಎದ್ದಳು. "ತಲಿ ಇಲ್ಲದ ಹೆಸರಿನ ಕೆಳಗ ಪೂಜಿ ಮಾಡ್ಲೇನು?"

"ಪಾದ ಅದಾವಲ್ಲ ಯವ್ವಾ. ಪೂಜಿ ಪಾದಕ್ಕ ಮಾಡತಾರ" ಎಂದು ಅವನು ಡಬ್ಬಿಗಳನ್ನು ಅಂಗಡಿಯಲ್ಲೇ ಬಿಟ್ಟು ಬಸ್ಸಿಗೆ ನಡೆದೇಬಿಟ್ಟ.

ಅಕ್ಕನ ಅಂಗಡಿಯ ಬೋರ್ಡು ಅರ್ಧ ಉಳಿದದ್ದಕ್ಕೆ ತಮ್ಮನಾದವನು ಮರುಗಬೇಕು. ಈರೇಶ ಮರುಗಿದಂತೆ ಮುಖ ಮಾಡಲು ಬಹಳ ಕಷ್ಟಪಟ್ಟ. ಮರುದಿನ ನಸುಕಿನಲ್ಲೇ ತನ್ನ ಫ್ಲೆಕ್ಸನ್ನು ರಸ್ತೆಯ ಕಡೆಯ ಎರಡು ಕಂಬಗಳಿಗೆ ಸುಕ್ಕಿಲ್ಲದಂತೆ ಬಿಗಿದ. ಓದಬಹುದಾದ ಹೆಸರು ಈಗ ಅದೊಂದೇ.

ಪೂಜೆಯಾಯಿತು. ಪೇಟೆ ತುಂಬಿತು. ಜನ ಬಂದರು, ನಿಂತರು. ನಿಂತವರೆಲ್ಲ ಫ್ಲೆಕ್ಸಿಗೆ ಬೆನ್ನು ಕೊಟ್ಟು ಗೋಡೆಯ ಕಡೆ ಕತ್ತೆತ್ತಿದರು.

"ಹೊಳಿಯಪ್ಪಂದು ಅರ್ಧಕ್ಕ ನಿಂತೇತಿ ನೋಡ್ರೋ! ಏನಿರಬೇಕು?"

"ಅಷ್ಟ ಉದ್ದ ಹೆಸರಂದ್ರ ಬ್ಯಾಂಕ ಇರಬೇಕು."

"ಮೂರ್ಖಾ, ಬ್ಯಾಂಕಿನ ಮುಂದ ರಂಗೋಲಿ ಹಾಕ್ತಾರೇನೋ? ಕಣ್ಣಿನ ದವಾಖಾನಿ."

"ಹಂಗಾರ ಚಹಾ ಪಂದ್ಯ."

ಈರೇಶ ತಡೆಯಲಾರದೆ ಕೂಗಿದ: "ಹೆಸರು ಇಲ್ಲಿ ಬರದೈತ್ರೀ! ಹಿಂದ ತಿರುಗಿ ನೋಡ್ರಿ, ಫ್ಲೆಕ್ಸ್ ಮ್ಯಾಲ!"

"ಏ, ಸುಮ್ನಿರೋ!" ಎಂದು ಒಬ್ಬ ಅಂಗೈಯಿಂದ ಕಣ್ಣಿಗೆ ಮರೆ ಮಾಡಿಕೊಂಡ. "ಯಾರೂ ಹಿಂದ ನೋಡಬ್ಯಾಡ್ರಿ. ನೋಡಿದಾಂವ ಪಂದ್ಯದಿಂದ ಹೊರಗ."

ಅಲ್ಲಿಂದ ಮುಂದೆ ಅದೊಂದು ವ್ರತವೇ ಆಯಿತು. ರಸ್ತೆಯಿಂದ ಬಂದವರು ಈರೇಶನ ಅಕ್ಷರದ ಮುಂದೆ ಬರುತ್ತಲೇ ಮುಖ ತಿರುಗಿಸಿ, ಅಪಶಕುನ ಕಂಡವರಂತೆ ಓಡಿ ದಾಟಿ, ಗೋಡೆಯ ಕೆಳಗೆ ನಿಂತು ನಿರುಮ್ಮಳರಾಗುತ್ತಿದ್ದರು. ಜಗತ್ತಿನಲ್ಲಿ ಓದಿಸಿಕೊಳ್ಳದ ಬರಹ ಬಹಳ ಇರಬಹುದು. ಜನ ಶ್ರಮಪಟ್ಟು ಓದದೆ ಬಿಟ್ಟದ್ದು ಇದೇ ಮೊದಲಿರಬೇಕು. ನಿಂತ ಹೆಂಗಸರು ಒಳಗೆ ಇಣುಕಿದರು, ಇಣುಕಿದವರು ಸೀರೆ ಕೊಟ್ಟು ಹೋದರು. ಅಳತೆಯ ಟೇಪು ನೇತ್ರಾಳ ಕೈಯಿಂದ ಇಳಿಯಲಿಲ್ಲ. ಮಧ್ಯಾಹ್ನ ಬಿಸಿಲು ಏರಿ, ಪಂದ್ಯದವರ ನೆತ್ತಿ ಸುಡತೊಡಗಿದಾಗ ನೀಲವ್ವ ಕೂಗಿದಳು:

"ಈರೇಶಾ, ಆ ಹಾಳಿ ಬಿಚ್ಚಿ ಮ್ಯಾಲ ಅಡ್ಡ ಕಟ್ಟೋ, ಮಂದೀಗೆ ನೆರಳಾಗ್ಲಿ. ಬರದದ್ದ ಮ್ಯಾಲ ಮಾಡಿ ಕಟ್ಟು ಮತ್ತ, ಯಾರರ ಓದಿಬಿಟ್ಟಾರು."

ಅವನೇ ಬಿಚ್ಚಿದ, ಅವನೇ ಕಟ್ಟಿದ. ಅವನ ಪೈಲ್ವಾನರು ಆಕಾಶಕ್ಕೆ ಮುಖ ಮಾಡಿ ಮಲಗಿದರು. ಕೆಳಗೆ ನೆರಳಿನಲ್ಲಿ ನಿಂತ ಜನ ಹೊಳಿಯಪ್ಪನ ಮೊಣಕಾಲುಗಳನ್ನು ಹೊಗಳುತ್ತಿದ್ದರು. ಒಂದು ಕಾಗೆ ಬಂದು ಫ್ಲೆಕ್ಸಿನ ಮೇಲೆ ಕೂತಿತು. ಅದಾದರೂ ಓದಿತೇ ಎಂದು ಈರೇಶ ತಿಳಿಯಲು ಹೋಗಲಿಲ್ಲ.

ಅದರ ಮರುದಿನ ಹೊಳಿಯಪ್ಪ ಹೇಳಿದಂತೆ ಬಂದ. ಹೇಳಿದ ದಿನ ಅವನು ಬಂದದ್ದು ಪೇಟೆಯವರಿಗೇ ಆಶ್ಚರ್ಯ. ನಿಚ್ಚಣಿಕೆ ನೆಲದ ಫರಸಿಯ ಮೇಲೆ ಜಾರುತ್ತಿದ್ದುದರಿಂದ ಹಿಡಿಯಲು ಒಬ್ಬರು ಬೇಕಿತ್ತು. ನೇತ್ರಾ ತಮ್ಮನ ಕಡೆ ನೋಡಿದಳು. ಈರೇಶ ಹಿಡಿದ. ಮೇಲೆ ಎದೆ ಬಂತು, ಭುಜ ಬಂತು. ಮೊಣಕೈ ನೋವಿನ ಮನುಷ್ಯನ ಕೈ ಒಂದು ಸಲವೂ ನಡುಗಲಿಲ್ಲ, ನಿಲ್ಲಲಿಲ್ಲ, ತಿಕ್ಕಿಕೊಳ್ಳಲೂ ಇಲ್ಲ. ಆ ಕೈಯನ್ನೇ ನೋಡುತ್ತ ನಿಂತ ಈರೇಶನಿಗೆ ತಡೆಯಲಾಗಲಿಲ್ಲ. ಹಿರಿಯರನ್ನು ಹಾಗೆ ಕೇಳಬಾರದು. ಕೇಳಿಯೇಬಿಟ್ಟ.

"ಕಾಕಾ, ಖರೇ ಹೇಳ್ರಿ. ಮೊನ್ನಿ ನಿಮ್ಮ ಕೈ ನೂಸಿತ್ತೋ, ಬೇಕಂತ ಅರ್ಧಕ್ಕ ಬಿಟ್ಟ ಹೋದ್ರೋ?"

ಹೊಳಿಯಪ್ಪ ತಿರುಗಲಿಲ್ಲ. ಬ್ರಷ್ಷನ್ನು ಡಬ್ಬಿಯ ಅಂಚಿಗೆ ಸವರಿ ಹೆಚ್ಚಿನ ಬಣ್ಣ ಇಳಿಸಿದ.

"ಬೇಕಂತ ಬಿಟ್ಟ ಹೋದ್ನಿ. ನಿಂದು ಚಲೋ ಇತ್ತಲೇ. ನಂದು ಪೂರಾ ಬರದು ಮುಗಿಸಿದ್ರ ಮಂದಿ ಒಮ್ಮಿ ಓದಿ, ನಿಂದನ್ನ ನೋಡಕೊಂತ ನಿಲ್ಲತಿದ್ರು. ಹೊಟ್ಟಿ ಉರೀತು. ನಿಚ್ಚಣಿಕಿ ಗಟ್ಟಿ ಹಿಡಿ."